ಗೋರಂಟಿ ಹಚ್ಚಿದ ಹೆಬ್ಬೆರಳು

ಏಪ್ರಿಲ್ 29, ರಾಯಚೂರು

ಅರ್ಜಿ ಬಿಟ್ಟಿದ್ದಾರೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಜಾಹೆದಾ ಚಪ್ಪಲಿ ಕಳಚುವ ಮೊದಲೇ ಹೇಳಿದಳು, "ಶೈಲಾ, ನಿಂದು ಫಾರ್ಮ್ ಬಂದದ ನೋಡು." ನಾನು ನೋಡಲಿಲ್ಲ. ಎದ್ದು ಹೋಗಿ ಕೊಡಕ್ಕೆ ನೀರು ತುಂಬಿಸಿದೆ. ಕೊಡ ಆಗಲೇ ತುಂಬಿತ್ತು, ನೀರೆಲ್ಲ ಕಾಲ ಮೇಲೆ ಹರಿಯಿತು. ಹೊರಗೆ ನಲವತ್ಮೂರು ಡಿಗ್ರಿ ಬಿಸಿಲು, ನನ್ನ ಅಂಗೈ ಮಾತ್ರ ತಣ್ಣಗೆ.

ಇದು ನಾಲ್ಕನೆಯ ಸಲ. ಕಿರ್ಗಿಸ್ತಾನದಲ್ಲಿ ಆರು ವರ್ಷ ಡಾಕ್ಟರಿಕೆ ಓದಿ ಬಂದವಳು ಇಲ್ಲಿ ಒಂದು ಪರೀಕ್ಷೆ ಪಾಸಾಗದೆ ಯಾರ ನಾಡಿಯನ್ನೂ ಹಿಡಿಯುವಂತಿಲ್ಲ. ಮುನ್ನೂರಕ್ಕೆ ನೂರೈವತ್ತು ಬೇಕು. ನನಗೆ ಮೊದಲ ಸಲ ನೂರಾ ಹದಿನೆಂಟು, ಎರಡನೆಯ ಸಲ ನೂರಾ ಮೂವತ್ತೊಂದು, ಮೂರನೆಯ ಸಲ ನೂರಾ ಇಪ್ಪತ್ತೊಂಬತ್ತು. ಮುಂದಕ್ಕೆ ಹೋಗಲು ಬಾರದಿದ್ದರೂ ಹಿಂದಕ್ಕೆ ಬರುವುದನ್ನು ಚೆನ್ನಾಗಿ ಕಲಿತಿದ್ದೇನೆ.

ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಎರಡು ವರ್ಷದಿಂದ ಅವನಿಗೆ ನಾನು ಹೇಳುತ್ತಿರುವುದು ಒಂದೇ ಮಾತು: "ಲೈಸೆನ್ಸಿನ ಕಾಗದ ದಿಲ್ಲಿಯಿಂದ ಬರಬೇಕಪ್ಪಾ." ಮೊದಲ ಸಲ ಫೇಲಾದ ದಿನ ಫೋನಿನಲ್ಲಿ ಅದು ಹೇಗೋ ಬಾಯಿಗೆ ಬಂತು. ಆಮೇಲೆ ಬೇರೆ ಮಾತು ಬರಲೇ ಇಲ್ಲ. ನಿಜ ಗೊತ್ತಿರುವುದು ನನ್ನ ಜೊತೆ ಈ ಬಾಡಿಗೆ ಕೋಣೆಯಲ್ಲಿರುವ ಜಾಹೆದಾಗೆ ಮತ್ತು ಈ ನೋಟುಬುಕ್ಕಿಗೆ.

ಇದೇ ಕೊನೆ. ಈ ಸಲವೂ ಹೋದರೆ ದೇವದುರ್ಗಕ್ಕೆ ಹೋಗಿ ಅಪ್ಪನ ಬೀಜದ ಅಂಗಡಿಯಲ್ಲಿ ಕೂತು ಹತ್ತಿಬೀಜ ಮಾರುತ್ತೇನೆ. ತಾರೀಖು ಹಾಕಿ ಬರೆದಿದ್ದೇನೆ.

ಮೇ 1

ಫಾರ್ಮ್ ತೆರೆದೆ. 'ಈ ಪರೀಕ್ಷೆಯನ್ನು ಹಿಂದೆ ಎಷ್ಟು ಸಲ ಬರೆದಿದ್ದೀರಿ?'

ಮುಚ್ಚಿದೆ.

ಮೇ 4, ದೇವದುರ್ಗ

ಹೊಸ ಫೋಟೋ ಬೇಕಂತೆ. ಊರಿಗೆ ಬಂದೆ. ಅಪ್ಪ ಅಂಗಡಿಯಿಂದಲೇ ಕೂಗಿದ, "ಬಂದ್ರಲೇ ನಮ್ಮ ಡಾಕ್ಟ್ರು!" ಬೀಜ ಕೊಳ್ಳಲು ಬಂದ ರೈತರೆಲ್ಲ ತಿರುಗಿ ನೋಡಿದರು. ಕೂಲಿಗೆ ಹೋಗುವ ಗದ್ದೆಮ್ಮ ಅಲ್ಲೇ ನಿಂತಿದ್ದವಳು ಕೈ ಮುಂದೆ ಮಾಡಿ, "ಯವ್ವಾ, ಎಣ್ಣಿ ಹೊಡದು ಹೊಡದು ಕೈ ಹಿಂಗಾಗ್ಯಾದ, ಏನರ ಬರಕೊಡು" ಎಂದಳು. ಎಣ್ಣೆ ಎಂದರೆ ಇಲ್ಲಿ ಕೀಟನಾಶಕ. ಅಂಗೈ ಸುಲಿದು ಕೆಂಪಾಗಿತ್ತು. ನಾನು "ಆಮ್ಯಾಲ ನೋಡ್ತೀನಿ" ಎಂದು ಗೊಬ್ಬರದ ಚೀಲಗಳ ಹಿಂದೆ ಹೋಗಿ ನಿಂತೆ. ಲೈಸೆನ್ಸಿಲ್ಲದೆ ಒಂದು ಚೀಟಿ ಬರೆದರೆ ಜೈಲು. ಲೈಸೆನ್ಸ್ ಯಾಕಿಲ್ಲ ಎಂದು ಹೇಳಿದರೆ ಅಪ್ಪ.

ಚೀಲಗಳ ಹಿಂದೆ ಬೋರ್ಡು ಇದೆ. 'ಡಾ. ಶೈಲಶ್ರೀ ಶರಣಯ್ಯ' ಎಂದು ಅಪ್ಪ ಬರೆಸಿ, ಧೂಳು ಕೂರದಂತೆ ಖಾಲಿ ಚೀಲ ಸುತ್ತಿ, ಗೋಡೆಗೆ ಮುಖ ಮಾಡಿ ಇಟ್ಟಿದ್ದಾನೆ. ಎರಡು ವರ್ಷವಾಯಿತು. ಗದ್ದೆಮ್ಮ ಹೋಗುವ ತನಕ ನಾನು ಅದರ ಪಕ್ಕ ನಿಂತಿದ್ದೆ.

ಸತ್ತಾರ್ ಸಾಬ್ ಸ್ಟುಡಿಯೋಕ್ಕೆ ಅಪ್ಪ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದ, ಲೈಸೆನ್ಸಿನ ಫೋಟೋ ಎಂದು. ಸಾಬ್ ಮದುವೆ ಗೊತ್ತುಮಾಡಲು ಹೋಗುವ ಫೋಟೋಗಳಿಗೆ ಹೆಸರಾದವರು. ಅರ್ಧ ಗಂಟೆ ಕಂಪ್ಯೂಟರ್ ಮುಂದೆ ಕೂತು ಎದ್ದರು. ತೆರೆಯ ಮೇಲೆ ನಾನು ಬಿಳಿ ಕೋಟು ಹಾಕಿದ್ದೆ, ಕೊರಳಲ್ಲಿ ಸ್ಟೆತಸ್ಕೋಪು ಇತ್ತು.

"ಸಾಬ್, ನಾ ಇದು ಹಾಕ್ಕೊಂಡಿಲ್ಲ!"

"ಲೈಸೆನ್ಸಿಗೆ ಅಂದ್ರ ಸುಮ್ನೇನು ಬೇಟಿ? ಹತ್ತು ಮಂದಿ ಅಫ್ಸರು ನೋಡ್ತಾರ. ಜರಾ ರೋಬ್, ಗತ್ತು ಇರಬೇಕು."

ಕೋಟು ತೆಗೆಸಿದೆ. ಆದರೆ ಮುಖವನ್ನೂ ಎರಡು ಪಟ್ಟು ಬೆಳ್ಳಗೆ ಮಾಡಿದ್ದರು, ಹುಬ್ಬಿನ ಮೇಲಿನ ಗಾಯದ ಗುರುತನ್ನು ಅಳಿಸಿದ್ದರು. ಅದನ್ನು ತೆಗೆಯಿರಿ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಚೆಂದ ಕಂಡಿತು.

ಅಪ್ಪನ ಎದುರು ಕೂತು ಅರ್ಧ ರೊಟ್ಟಿ ತಿಂದೆ, ಇಳಿಯಲಿಲ್ಲ. ಬಿಸಿಲಿಗೆ ಎಂದೆ.

ಮೇ 5

ಅರ್ಜಿಗೆ ಎಡ ಹೆಬ್ಬೆರಳಿನ ಗುರುತು ಬೇಕು. ಅಪ್ಪನ ಅಂಗಡಿಯ ಶಾಯಿ ಪ್ಯಾಡಿನಲ್ಲಿ ಒತ್ತುತ್ತಿದ್ದಾಗ ಅಪ್ಪ ನೋಡಿಬಿಟ್ಟ.

"ಇದೇನದು, ಹೆಬ್ಬಟ್ಟು? ನಮ್ಮವ್ವ ಜಲ್ಮ ಎಲ್ಲಾ ಒತ್ತಿದ್ದು ಸಾಲಲಿಲ್ಲೇನು? ಇಷ್ಟು ಓದ್ಸೀನಿ, ಸಹಿ ಮಾಡಂತ ಹೇಳು ಅವರಿಗೆ."

"ಎಲ್ಲಾರೂ ಕೊಡಬೇಕಪ್ಪಾ. ಎಂಥಾ ಡಾಕ್ಟರಾದ್ರೂ."

ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಬಿಳಿ ಹಾಳೆಯ ಮೇಲೆ ನನ್ನ ಹೆಬ್ಬೆರಳು ಗದ್ದೆಮ್ಮನದೂ ಆಗಬಹುದಿತ್ತು.

ಮೇ 14, ರಾಯಚೂರು

ಕಳಿಸಿದೆ. ಕೊನೆಯ ತಾರೀಖಿಗೆ ಆರು ತಾಸು ಉಳಿದಿತ್ತು. ಅರ್ಜಿ ಬಂದಾಗಿನಿಂದ ಹದಿನೈದು ದಿನ ಬೇಕಾಯಿತು. ಗುಂಡಿ ಒತ್ತಲು ಆಗದೆ ಕೊನೆಗೆ ಜಾಹೆದಾ ನನ್ನ ಬೆರಳು ಹಿಡಿದು ಒತ್ತಿಸಿದಳು.

ಜೂನ್ 11, ಕಲ್ಲೂರು

ಅಜ್ಜಿ ಬಸವಂತಮ್ಮ, ಅಪ್ಪನ ತಾಯಿ, ಇಲ್ಲಿ ಕಾಕಾನ ಮನೆಯಲ್ಲಿರುತ್ತಾಳೆ. ರೇಷನ್ ತರಲು ನನ್ನನ್ನೂ ಎಳೆದುಕೊಂಡು ಹೋದಳು. ಮಶೀನಿನ ಮೇಲೆ ಹೆಬ್ಬೆರಳು ಒತ್ತಿದರಷ್ಟೇ ಅಕ್ಕಿ. ಎಪ್ಪತ್ತು ವರ್ಷ ಕಳೆ ಕಿತ್ತ ಕೈ, ಗೆರೆಗಳೆಲ್ಲ ಸವೆದು ಹೋಗಿವೆ. ಒತ್ತಿದಳು. ಕೆಂಪು ದೀಪ. ಮಶೀನಿನೊಳಗಿನ ಹೆಂಗಸು "ದಯವಿಟ್ಟು ಮತ್ತೆ ಪ್ರಯತ್ನಿಸಿ" ಎಂದಳು. ಮತ್ತೆ ಒತ್ತಿದಳು. ಮತ್ತೆ ಕೆಂಪು. ಐದು ಸಲ ಆಯಿತು, ಹಿಂದೆ ನಿಂತ ಜನ ಗೊಣಗಲು ಶುರು ಮಾಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಸಾಕು ಬಾ ಬೇ, ನಾಳಿ ಬರೋಣು."

"ನಾಳಿ ಯಾಕ? ಬಟ್ಟು ಮನ್ಯಾಗ ಬಿಟ್ಟು ಬಂದೀನೇನು?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿ ನಿಧಾನವಾಗಿ ಹೆಬ್ಬೆರಳನ್ನು ಸೆರಗಿಗೆ ಒರೆಸಿದಳು, ಕಿವಿಯ ಹಿಂದಿನ ಕೂದಲಿಗೆ ತಿಕ್ಕಿದಳು, ಬಾಯಿ ಹತ್ತಿರ ಹಿಡಿದು 'ಹಾ' ಎಂದು ಉಸಿರು ಬಿಟ್ಟಳು. "ಹೆದರಿದ ಬಟ್ಟು ಬೆವರತದ, ಮಶೀನು ಬ್ಯಾಡಂತದ. ಒಣಗಿದ ಬಟ್ಟೂ ಬ್ಯಾಡಂತದ. ಒತ್ತಿ ಹಿಚುಕಬಾರದು, ಸುಮ್ನ ಇಡಬೇಕು." ಏಳನೆಯ ಸಲಕ್ಕೆ ಹಸಿರು ದೀಪ ಬಂತು.

ದಾರಿಯಲ್ಲಿ ಅಕ್ಕಿಚೀಲ ಹೊತ್ತು ಕೇಳಿದೆ, ಅಷ್ಟು ಮಂದಿ ಮುಂದೆ ನಾಚಿಕೆ ಆಗಲಿಲ್ಲವೇ ಎಂದು. "ಬಟ್ಟು ನಂದ, ಅಕ್ಕಿ ನಂದ. ನಾಚಿಕಿ ಯಾಕ?" ಎಂದಳು. ಓದು ಬರಹ ಇಲ್ಲದವರಿಗೆ ಇಂಥ ಧೈರ್ಯ ಸುಲಭ ಅನ್ನಿಸಿತು.

ಜೂನ್ 24, ರಾಯಚೂರು

ಮೇಲ್ ಬಂದಿದೆ. 'ನಿಮ್ಮ ಭಾವಚಿತ್ರ ತಿದ್ದಿದಂತೆ ಕಾಣುತ್ತದೆ. ಸರಿಪಡಿಸದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.' ನಾಲ್ಕು ದಿನ ಕೊಟ್ಟಿದ್ದಾರೆ. ಸುಳ್ಳು ಹೇಳುವುದು ಅಪ್ಪನಿಗೆ ಮಾತ್ರ ಎಂದುಕೊಂಡಿದ್ದೆ, ಈಗ ದಿಲ್ಲಿಯಲ್ಲೂ ಸಿಕ್ಕಿಬಿದ್ದೆ.

ಜಾಹೆದಾ ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಕ್ಕೆ ಎಳೆದುಕೊಂಡು ಹೋದಳು. ಮುಖ ತೊಳೆಯಲೂ ಬಿಡಲಿಲ್ಲ. ಫೋಟೋದಲ್ಲಿ ಗಾಯದ ಗುರುತು ಇದೆ, ಕಣ್ಣು ಊದಿವೆ. ಕಳಿಸಿದೆ.

ಜುಲೈ 3

ಒಪ್ಪಿದ್ದಾರೆ. ಆದರೂ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತೇನೆ, ಮನಸ್ಸು ಬದಲಿಸಿದರೇನೋ ಎಂದು.

ಜುಲೈ 20, ಕಲ್ಲೂರು

ಪರೀಕ್ಷೆ ಇಪ್ಪತ್ತಾರಕ್ಕೆ, ಕಲಬುರಗಿಯಲ್ಲಿ. ಅಪ್ಪನಿಗೆ 'ಕಾಗದ ತೋರಿಸಲು ಕರೆದಿದ್ದಾರೆ' ಎಂದಿದ್ದೇನೆ. ಅಜ್ಜಿಯ ಕಾಲಿಗೆ ಬಿದ್ದು ಹೋಗೋಣವೆಂದು ಬಂದರೆ ಅವಳು ಒಳಕಲ್ಲಿನ ಮುಂದೆ ಕೂತು ಗೋರಂಟಿ ಸೊಪ್ಪು ಅರೆಯುತ್ತಿದ್ದಳು.

"ಆಷಾಢ ಮುಗಿಯಾಕ ಬಂತು, ಇನ್ನಾ ಬರಿಗೈಲೆ ಅದೀ. ಬಾ ಕುಂದ್ರು. ಡಾಕ್ಟ್ರ ಕೈ ಕೆಂಪಗ ಇರಬೇಕು."

ಅಂಗೈ ನಡುವೆ ಒಂದು ಚಂದ್ರ, ಹತ್ತೂ ಬೆರಳ ತುದಿಗೆ ಟೊಪ್ಪಿಗೆ. ಎರಡು ತಾಸು ಕೈ ಅಲ್ಲಾಡಿಸುವಂತಿರಲಿಲ್ಲ. ಪುಸ್ತಕ ತಿರುವುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಅಜ್ಜಿ ಪುಂಡಿಪಲ್ಯ ಹಚ್ಚಿ ರೊಟ್ಟಿ ತಿನ್ನಿಸಿದಳು. ನಾನು ಎರಡು ರೊಟ್ಟಿ ತಿಂದು ಅವಳ ತೊಡೆಯ ಮೇಲೆ ಮಲಗಿ ನಿದ್ದೆ ಹೋದೆ. ಏಪ್ರಿಲ್‌ನಿಂದ ಹಗಲು ನಿದ್ದೆ ಬಂದದ್ದು ಇದೇ ಮೊದಲು.

ಜುಲೈ 22, ರಾಯಚೂರು

ಹಾಲ್‌ಟಿಕೆಟ್ ಬಂತು. ಮೂರನೆಯ ಪುಟ, ಹನ್ನೊಂದನೆಯ ಸೂಚನೆ: ಕೈಗೆ ಮೆಹೆಂದಿ, ಶಾಯಿ ಇತ್ಯಾದಿ ಇರಕೂಡದು. ಬೆರಳಚ್ಚು ಸಿಗದಿದ್ದರೆ ಪ್ರವೇಶ ನಿರಾಕರಿಸಬಹುದು.

ನನ್ನ ಹತ್ತು ಬೆರಳು ರಕ್ತದಲ್ಲಿ ಅದ್ದಿದ ಹಾಗಿವೆ.

ಮೂರು ಸಲ ಬರೆದವಳು ಈ ಸಾಲನ್ನು ಯಾಕೆ ಓದಿರಲಿಲ್ಲ? ಮೂರು ಸಲವೂ ಕೈ ಬರಿದಾಗಿತ್ತು, ಅದಕ್ಕೆ.

ಜುಲೈ 23

ನಿಂಬೆಹಣ್ಣು. ಅಡುಗೆ ಸೋಡಾ. ಟೂತ್‌ಪೇಸ್ಟು. ಜಾಹೆದಾ ತಂದ ಸ್ಪಿರಿಟ್ಟು. ಅಜ್ಜಿಯ ಗೋರಂಟಿ ಒಂದಕ್ಕೂ ಜಗ್ಗುತ್ತಿಲ್ಲ. ಅವಳೇ ಹಾಗಲ್ಲವೇ.

ಜುಲೈ 24

ಕಾಲು ತಿಕ್ಕುವ ಕಲ್ಲು ತಗೊಂಡೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ತಿಕ್ಕಿದೆ. ಹೆಬ್ಬೆರಳ ಬಣ್ಣ ಹೋಗಿದೆ. ಜೊತೆಗೆ ಮೇಲಿನ ಚರ್ಮವೂ ಹೋಗಿ ನುಣ್ಣಗೆ ಹೊಳೆಯುತ್ತಿದೆ, ನೀರು ತಾಗಿದರೆ ಉರಿ. ಜಾಹೆದಾ ಬಂದು ನೋಡಿ ಕಲ್ಲನ್ನು ಕಿತ್ತು ಕಿಟಕಿಯಿಂದ ಒಗೆದಳು.

"ಹುಚ್ಚಿ ಅದೀಯೇನ್? ಬಣ್ಣ ಇದ್ರ ಬೈತಿದ್ರು, ಅಷ್ಟ. ಈಗ ಗೆರೀನ ಇಲ್ಲ! ಮಶೀನಿಗೆ ಏನ್ ತೋರಿಸ್ತಿ, ಎಲುಬಾ?"

ಆರು ವರ್ಷ ಡಾಕ್ಟರಿಕೆ ಓದಿದವಳಿಗೆ ಬೆರಳಚ್ಚು ಚರ್ಮದಲ್ಲಿರುತ್ತದೆ ಎನ್ನುವುದು ಹೊಳೆಯಲಿಲ್ಲ. ಇಂಥವಳಿಗೆ ಲೈಸೆನ್ಸ್ ಕೊಡದಿದ್ದರೆ ಒಳ್ಳೆಯದೇ. ನನಗೆ ಭಯವಾಗುತ್ತಿದೆ. ಬಹಳ ಭಯವಾಗುತ್ತಿದೆ.

ಜುಲೈ 26, ಕಲಬುರಗಿಯಿಂದ ಬರುವ ರೈಲು

ಬರೆಯುತ್ತೇನೆ, ಇಲ್ಲದಿದ್ದರೆ ಮರೆತೇನು.

ಗೇಟಿನ ಒಳಗೆ ಮೇಜು, ಮೇಜಿನ ಮೇಲೆ ಮಶೀನು, ಹಿಂದೆ ಕನ್ನಡಕದ ಹೆಂಗಸು. ನನ್ನ ಕೈ ನೋಡಿದ ಕೂಡಲೇ, "ಮೆಹೆಂದಿ ಹಚ್ಚೀರೇನ್ರೀ? ಸೂಚನಾ ಓದಿಲ್ಲೇನು?" ಎಂದಳು. ತಲೆ ಅಲ್ಲಾಡಿಸಿದೆ. ಒತ್ತಿದೆ. ಕೆಂಪು. ಒತ್ತಿದೆ. ಕೆಂಪು. ಬೆವರು ಸುಲಿದ ಚರ್ಮಕ್ಕೆ ತಾಗಿ ಉರಿಯುತ್ತಿತ್ತು, ನಾನು ಇನ್ನೂ ಬಲವಾಗಿ ಒತ್ತಿದೆ. ಕೆಂಪು. ಬೇರೆ ಬೆರಳು ಇಟ್ಟೆ, ಅದೂ ಕೆಂಪು. "ಬಾಜೂಕ ನಿಲ್ರಿ. ಮ್ಯಾಲಿನವರನ್ನ ಕೇಳಬೇಕು." ಹಿಂದಿನವರು ಒಬ್ಬೊಬ್ಬರೇ ಒಳಗೆ ಹೋದರು. ಗೇಟು ಮುಚ್ಚಲು ಹನ್ನೆರಡು ನಿಮಿಷ ಇತ್ತು.

ಆಗ ಗೊತ್ತಿಲ್ಲದೆಯೇ ನನ್ನ ಕೈ ದುಪಟ್ಟಾಕ್ಕೆ ಹೋಯಿತು. ಹೆಬ್ಬೆರಳು ಒರೆಸಿದೆ. ಕಿವಿಯ ಹಿಂದೆ ಕೂದಲಿಗೆ ತಿಕ್ಕಿದೆ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡಿದ್ದೆ, ಪುಣ್ಯ. ಬಾಯಿ ಹತ್ತಿರ ಹಿಡಿದು 'ಹಾ' ಎಂದೆ. ಅಷ್ಟು ಡಾಕ್ಟರುಗಳ ನಡುವೆ ಹೀಗೆ ಮಾಡುತ್ತಿದ್ದೇನಲ್ಲ ಎಂಬ ಯೋಚನೆ ಆಮೇಲೆ ಬಂತು. "ಮೇಡಂ, ಇನ್ನೊಂದು ಸರ್ತಿ ಇಡ್ತೀನ್ರೀ" ಎಂದೆ. ಐದನೆಯ ಸಲ ಕೆಂಪು. ಮತ್ತೆ ಒರೆಸಿ, ತಿಕ್ಕಿ, ಊದಿ, ಒತ್ತದೆ ಸುಮ್ಮನೆ ಇಟ್ಟೆ.

ಹಸಿರು.

ಕನ್ನಡಕದ ಹೆಂಗಸಿನ ಮುಖದಲ್ಲಿ ನಗು ಕಂಡಿತು. "ರೇಷನ್ ಅಂಗಡ್ಯಾಗ ಕಲ್ತೀರೇನ್ರೀ? ಹೋಗ್ರಿ, ಲಗೂನ ಹೋಗ್ರಿ."

ಪ್ರಶ್ನೆಪತ್ರಿಕೆ ಹೇಗಿತ್ತು ಎಂದು ಬರೆಯಲೇ ಇಲ್ಲ. ಕಷ್ಟವಿತ್ತು. ಕೆಲವು ಬಂದವು.

ಆಗಸ್ಟ್ 13, ರಾಯಚೂರು

ನೂರಾ ನಲವತ್ತೆಂಟು.

ಆಗಸ್ಟ್ 14, ಕಲ್ಲೂರು

ದೇವದುರ್ಗಕ್ಕೆ ಹೋಗಲು ಧೈರ್ಯ ಸಾಲದೆ ಮಾನ್ವಿ ಬಸ್ ಹತ್ತಿ ಇಲ್ಲಿಗೆ ಬಂದೆ. ಅಜ್ಜಿ ಮೊದಲು ಕೇಳಿದ್ದು, "ಅವತ್ತು ಬಟ್ಟು ತಗೊಂತೇನು?" ಕಲ್ಲಿನಿಂದ ಬೆರಳು ತಿಕ್ಕಿದ ಕಥೆಯನ್ನು ಕಲಬುರಗಿಗೆ ಹೋಗುವ ಮೊದಲೇ ನಾನೇ ಫೋನಿನಲ್ಲಿ ಬಾಯಿಬಿಟ್ಟಿದ್ದೆ.

"ತಗೊಂತು ಬೇ. ಆರನೇ ಸರ್ತಿಗೆ."

"ಮತ್ತ್ಯಾಕ ಹಿಂಗ ಮಾರಿ ಮಾಡೀದಿ?"

"ಪರೀಕ್ಷಿ ತಗೊಳ್ಳಿಲ್ಲ." ಅಷ್ಟು ಹೇಳಿದ್ದೇ, ಉಳಿದದ್ದೆಲ್ಲ ಅಳುವಿನ ಜೊತೆ ಹೊರಗೆ ಬಂತು. ನಾಲ್ಕು ಸಲ, ಎರಡು ಅಂಕ, ದಿಲ್ಲಿಯ ಕಾಗದ, ಗೋಡೆಗೆ ಮುಖ ಮಾಡಿದ ಬೋರ್ಡು.

ಅಜ್ಜಿ ಪೂರ್ತಿ ಕೇಳಿದಳು. "ನಾಕ? ನಾ ಏಳು ಸರ್ತಿ ಒತ್ತಿದ್ದು ನೀನ ನೋಡೀದಿ. ತಗೊಳ್ಳಿಲ್ಲಂದ್ರ ಮತ್ತ ಒತ್ತು." ನನ್ನ ಹೆಬ್ಬೆರಳು ಹಿಡಿದು ನೋಡಿದಳು. ಹೊಸ ಚರ್ಮ ಬಂದಿದೆ. "ಆದ್ರ ನಾ ಎಲ್ಲಾರ ಮುಂದ ನಿಂತು ಒತ್ತೀನಿ ಯವ್ವಾ. ನೀ ಬಾಗಲಾ ಹಾಕ್ಕೊಂಡು ಒತ್ತಾಕತ್ತೀದಿ. ಅದಕ್ಕ ಬಟ್ಟು ಬೆವರಾಕತ್ತದ. ಮೊದಲ ನಿಮ್ಮಪ್ಪಗ ಹೇಳು."

ಆಗಸ್ಟ್ 15, ದೇವದುರ್ಗ

ಹೇಳಿದೆ.

ಅಂಗಡಿಯಲ್ಲಿ, ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ. ಅಪ್ಪ ಬೀಜದ ಪಾಕೀಟು ಜೋಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಎಷ್ಟು ಸರ್ತಿ?"

"ನಾಕು."

ಅವನು ಬಯ್ಯುತ್ತಾನೆ ಎಂದು ಎರಡು ವರ್ಷದಿಂದ ಹೆದರಿದ್ದೆ. ಬಯ್ಯಲಿಲ್ಲ. "ಮೂರು ಸರ್ತಿ ನನಗ ಹೇಳಲಾರದ, ನನ್ನ ಮುಂದ ಕುಂತು ಹ್ಯಾಂಗ ಉಂಡಿ?" ಎಂದ. ಹಾಡುಹಗಲು ಅಂಗಡಿಯ ಶಟರ್ ಅರ್ಧ ಎಳೆದು ಮನೆಗೆ ನಡೆದ. ನಾನು ಒಳಗೆ ಅರೆಗತ್ತಲೆಯಲ್ಲಿ ಕೂತು ಅತ್ತೆ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಆಗಸ್ಟ್ 18

ಮಾತಿಲ್ಲ. ಅವ್ವ ನಡುವೆ ನಿಂತು ಇಬ್ಬರಿಗೂ ಬಡಿಸುತ್ತಾಳೆ. ಇವತ್ತು ಗೊಬ್ಬರದ ಚೀಲಗಳ ಹಿಂದೆ ನೋಡಿದೆ, ಬೋರ್ಡು ಇರಲಿಲ್ಲ. ಒಡೆದು ಹಾಕಿರಬೇಕು.

ಆಗಸ್ಟ್ 21

ಕಸ ಗುಡಿಸಲು ಬಗ್ಗಿದೆ. ಬೋರ್ಡು ನನ್ನ ಮಂಚದ ಕೆಳಗಿದೆ, ಹೊಸ ಚೀಲ ಸುತ್ತಿ. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಹೇಳಿದ, "ಅಂಗಡ್ಯಾಗ ಇಲಿ ಬಾಳ ಆಗ್ಯಾವ." ಆರು ದಿನಕ್ಕೆ ಮೊದಲ ಮಾತು.

ಅಕ್ಟೋಬರ್ 28

ಬಹಳ ದಿನ ಬರೆದಿಲ್ಲ. ಬೆಳಿಗ್ಗೆ ಓದು, ಮಧ್ಯಾಹ್ನ ಅಂಗಡಿ. ಗದ್ದೆಮ್ಮ ಬಂದಿದ್ದಳು, ಈ ಸಲ ಮೊಣಕೈ ತನಕ ಸುಲಿದಿದೆ. "ನಾ ಇನ್ನಾ ಪಾಸಾಗಿಲ್ಲ ಗದ್ದೆಮ್ಮ, ಬರಕೊಡಾಕ ಬರಂಗಿಲ್ಲ. ದವಾಖಾನಿಗೆ ನಡಿ, ನಾನೂ ಬರ್ತೀನಿ" ಎಂದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ತಾಸು ಸಾಲಿನಲ್ಲಿ ನಿಂತೆವು. ಡಾಕ್ಟರಿಗೆ ಯಾವ ಎಣ್ಣೆ, ಎಷ್ಟು ದಿನ, ಕಣ್ಣು ಮಂಜಾಗುತ್ತದೆಯೇ ಎಲ್ಲ ಹೇಳಿದೆ. ಬರುವಾಗ ಅಂಗಡಿಯಲ್ಲಿದ್ದ ರಬ್ಬರ್ ಕೈಗವಸುಗಳಲ್ಲಿ ಒಂದು ಜೊತೆ ಕೊಟ್ಟೆ. ಗಾಣಿಗರ ಅಂಗಡಿಯ ಮುಂದೆ ಮಿರ್ಚಿ ತಿಂದೆವು, ಖಾರ ಜಾಸ್ತಿ ಇತ್ತು.

ನವೆಂಬರ್ 4

ಅರ್ಜಿ ಬಿಟ್ಟಿದ್ದಾರೆ. ಜಾಹೆದಾ ಫೋನ್ ಮಾಡಿ ಹೇಳಿದಳು. ಬೆಳಿಗ್ಗೆಯೇ ಫೋಟೋಕ್ಕೆ ಹೊರಟೆ, ಅಪ್ಪನೂ ಚಪ್ಪಲಿ ಮೆಟ್ಟಿದ. ಸತ್ತಾರ್ ಸಾಬ್ ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಅಪ್ಪ ಹೇಳಿದ, "ಸಾಬ್, ಬೆಳ್ಳಗ ಮಾಡಬ್ಯಾಡ್ರಿ. ಹ್ಯಾಂಗದಾಳ ಹಂಗ ಇರ್ಲಿ." ಸಾಬ್‌ಗೆ ಸ್ವಲ್ಪ ಬೇಜಾರಾಯಿತು.

ಶಾಯಿ ಪ್ಯಾಡನ್ನು ಅಪ್ಪನೇ ತೆರೆದು ಹಿಡಿದ. ಹೆಬ್ಬೆರಳು ಒಂದೇ ಸಲಕ್ಕೆ ಚೆನ್ನಾಗಿ ಮೂಡಿತು. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತೆ, ಅವನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡ. ಒಂದು ಕಡೆ ಬೆರಳಿಟ್ಟು, "ಇಲ್ಲಿ ಏನ್ ಕೇಳಾಕತ್ತಾರ?" ಎಂದ.

"ಹಿಂದ ಎಷ್ಟು ಸರ್ತಿ ಬರದೀರಿ ಅಂತ."

"ಬರಿ ಮತ್ತ."

'ನಾಲ್ಕು' ಎಂದು ಬರೆದೆ. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಅವ್ವ ಬದನೆಕಾಯಿ ಪಲ್ಯ ಮಾಡಿದ್ದಳು. ಅಪ್ಪನ ಎದುರು ಕೂತು ಮೂರು ರೊಟ್ಟಿ ತಿಂದೆ.